ಎಡಗಡೆಯ ಜಾಗ

ಸುಶೀಲಾಬಾಯಿ ಗಂಡನ ಹೆಸರು ಹಿಡಿದು ಕರೆದವಳಲ್ಲ. ಭಾಲ್ಕಿ ಕಡೆಯ ಹಳ್ಳಿಯಿಂದ ಮದುವೆಯಾಗಿ ನಾಸಿಕಕ್ಕೆ ಬಂದ ದಿನದಿಂದ ಅವನು ಅವಳಿಗೆ ‘ರೀ’ ಅಷ್ಟೇ. ಪಡಿತರ ಅಂಗಡಿಯಲ್ಲಿ ಯಜಮಾನರ ಹೆಸರೇನು ಎಂದು ಕೇಳಿದರೆ ಪಕ್ಕದಲ್ಲಿ ನಿಂತವರ ಮುಖ ನೋಡುವಳು. ಮಗಳು ಭಾಗ್ಯಶ್ರೀ ಜೊತೆಗಿದ್ದರೆ ಅವಳ ಬೆನ್ನಿಗೆ ತಿವಿಯುವಳು. ಗಂಡನದು ಆ ಸೀಮೆಯಲ್ಲಿ ಪೂಜಿಸುವ ಒಬ್ಬ ಸಂತರ ಹೆಸರು. ಭಜನೆಯಲ್ಲಿ ಆ ಹೆಸರು ಬಂದ ಕಡೆಯೆಲ್ಲ ಸುಶೀಲಾಬಾಯಿ ತುಟಿ ಮುಚ್ಚಿ ತಾಳ ಮಾತ್ರ ಹಾಕುವಳು. ಹೆಸರು ಹೇಳಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದಳು. ಅದನ್ನು ಅವಳ ಬುದ್ಧಿ ನಂಬಿತ್ತೋ ಇಲ್ಲವೋ, ನಾಲಿಗೆ ಮಾತ್ರ ನಂಬಿತ್ತು.

ಗಂಡ ಮನ್ಮಥಪ್ಪ ನಾಸಿಕದ ಹತ್ತಿರ ಸಿನ್ನರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಮಾತು ಕಡಿಮೆ. ಹಗುರ ಕಟ್ಟಿಗೆಯಲ್ಲಿ ವಿಮಾನ ಮಾಡಿ ರಿಮೋಟಿನಿಂದ ಹಾರಿಸುವ ಹುಚ್ಚು ಅವನಿಗೆ ನೌಕರಿಯಲ್ಲಿದ್ದಾಗಲೇ ಹತ್ತಿತ್ತು. ಊಟದ ಮೇಜಿನ ಮೇಲೆ ರೆಕ್ಕೆಯ ಎಲುಬುಗಳು, ದೇವರ ಗೂಡಿನ ಕೆಳಗೆ ಅಂಟಿನ ಬಾಟಲಿ. ಮೊದಮೊದಲು ಸುಶೀಲಾಬಾಯಿ ಬಹಳ ಜಗಳಾಡಿದಳು. ಆಮೇಲೆ ಒಂದು ದಿನ ರೆಕ್ಕೆಗೆ ಬಣ್ಣದ ಹಾಳೆ ಹೊದಿಸುವಾಗ ಅವನು ಇಸ್ತ್ರಿಯ ಬಿಸಿ ಹೆಚ್ಚು ಮಾಡಿ ಹಾಳೆ ಸುಟ್ಟುಕೊಂಡದ್ದನ್ನು ನೋಡಲಾರದೆ, “ಕೊಡ್ರಿ ಇಲ್ಲಿ” ಎಂದು ಇಸ್ತ್ರಿ ಕಸಿದುಕೊಂಡಳು. ಅಂದಿನಿಂದ ಹೊದಿಕೆಯ ಕೆಲಸ ಅವಳದು. ಹಳದಿ ರೆಕ್ಕೆ, ಕೆಂಪು ಬಾಲ. ಒಂದು ಸುಕ್ಕು ಬೀಳಗೊಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಸಿನ್ನರಿನಾಚೆಯ ಬಯಲಿಗೆ ಇಬ್ಬರೂ ಹೋಗುವರು. ಅಲ್ಲಿ ಹತ್ತಾರು ಜನರ ಒಂದು ಕೂಟ. ಹಾರಿಸುವವನು ಒಂದು ಸಲ ವಿಮಾನ ಮೇಲೆತ್ತಿದ ಮೇಲೆ ಅದರಿಂದ ಕಣ್ಣು ಕೀಳುವಂತಿಲ್ಲ. ಕಿತ್ತರೆ ಮತ್ತೆ ಸಿಗುವುದಿಲ್ಲ, ಅಥವಾ ಯಾರದೋ ತಲೆಯ ಮೇಲೆ ಸಿಗುತ್ತದೆ. ಆದ್ದರಿಂದ ಅವನ ಎಡಗಡೆಗೆ ಇನ್ನೊಬ್ಬರು ನಿಂತು, ಹದ್ದು ಬಂತೇ, ದನ ಬಂತೇ, ಮನುಷ್ಯರು ಬಂದರೇ ಎಂದು ನೋಡುತ್ತಿರಬೇಕು. ಮೊದಲ ದಿನ ಮನ್ಮಥಪ್ಪ ಹೆಂಡತಿಯನ್ನು ಎಡಗಡೆಗೆ ನಿಲ್ಲಿಸಿಕೊಂಡು ಹೇಳಿದ್ದ: “ನಾ ವಿಮಾನ ನೋಡ್ತೀನಿ. ನೀ ಉಳಿದದ್ದೆಲ್ಲಾ ನೋಡು.”

ಮನೆಯಲ್ಲಿ ಅಲಮಾರಿಯ ಕೀಲಿಯನ್ನೂ ಕೈಬಿಡದ ಗಂಡ, ಬಯಲಿಗೆ ಬಂದರೆ ವಿಮಾನವೊಂದನ್ನು ಬಿಟ್ಟು ಲೋಕವನ್ನೆಲ್ಲ ತನ್ನ ಕೈಗೆ ಕೊಟ್ಟುಬಿಡುತ್ತಾನೆ ಎಂದು ಸುಶೀಲಾಬಾಯಿಗೆ ಅನಿಸಿತ್ತು. ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ಭಾನುವಾರ ಬಂದರೆ ಒಳ್ಳೆಯ ಸೀರೆ ಉಡುತ್ತಿದ್ದಳು.

ಹೆಸರು ಹಿಡಿದು ಕೂಗುವಂತಿರಲಿಲ್ಲವಲ್ಲ, ಅದಕ್ಕೆ ಇಬ್ಬರ ನಡುವೆ ಒಂದು ರೂಢಿ ಬೆಳೆದಿತ್ತು. ಅಂಗಿಯ ತೋಳನ್ನು ಒಂದು ಸಲ ಜಗ್ಗಿದರೆ ‘ಹುಷಾರ್’. ಎರಡು ಸಲ ಜಗ್ಗಿದರೆ ‘ಇಳಿಸು’. ವರ್ಷಗಟ್ಟಲೆ ಹಾಗೆಯೇ ನಡೆಯಿತು. ಅವನ ಅಂಗಿಗಳ ಎಡತೋಳು ಬಲತೋಳಿಗಿಂತ ಮೊದಲೇ ಸಡಿಲವಾಗುತ್ತಿತ್ತು.

ಕಳೆದ ದಸರೆ ಮುಗಿದ ಹೊಸತರಲ್ಲಿ ಅದು ಕೆಟ್ಟಿತು. ವಿಮಾನ ನೆಲ ಬಿಟ್ಟು ಏಳುತ್ತಿದ್ದಾಗ ನಾಯಿಯೊಂದು ವಿಮಾನ ಏಳಿಳಿಯುವ ಪಟ್ಟಿಯ ಮೇಲೆ ಓಡಿ ಬಂತು. ಸುಶೀಲಾಬಾಯಿ ಗಾಬರಿಯಲ್ಲಿ ತೋಳನ್ನು ಜೋರಾಗಿ ಎಳೆದಳು. ಮನ್ಮಥಪ್ಪನ ಹೆಬ್ಬೆರಳು ರಿಮೋಟಿನ ಕಡ್ಡಿಯಿಂದ ಜಾರಿತು. ವಿಮಾನ ಮಗ್ಗುಲಾಗಿ ಹೊರಳಿ, ಜನ ನಿಲ್ಲುವ ಗೆರೆ ದಾಟಿ, ನಿಲ್ಲಿಸಿದ್ದ ಒಂದು ಸ್ಕೂಟರಿನ ಸೀಟಿಗೆ ಬಡಿದು ಅದನ್ನು ಸೀಳಿಬಿಟ್ಟಿತು. ಆ ಸೀಟಿನ ಮೇಲೆ ಸ್ವಲ್ಪ ಮುಂಚೆ ಕೂತು ಬೂಟಿನ ದಾರ ಕಟ್ಟಿಕೊಂಡು ಎದ್ದಿದ್ದವನು ರಘೋತ್ತಮ. ಕಲಬುರಗಿಯವನು, ಬ್ಯಾಂಕಿನ ಅಧಿಕಾರಿ, ವರ್ಗವಾಗಿ ನಾಸಿಕಕ್ಕೆ ಬಂದು ಕೂಟಕ್ಕೆ ಹೊಸದಾಗಿ ಸೇರಿದವನು. ಪಕ್ಕದಲ್ಲಿ ಅವನ ಹೆಂಡತಿ ನೀರಜಾ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ಕೂಟದ ಹಿರಿಯ ತುಕಾರಾಮ, ಸುರಕ್ಷತೆಯೆಲ್ಲ ಅವನ ಉಸ್ತುವಾರಿ, ಬಿಳಿಚಿದ ಮುಖದಿಂದ ಓಡಿ ಬಂದ. “ಕಾಕೂ, ಹಾತ್ ನಾಹೀ ಲಾವಾಯ್ಚಾ!” ಎಂದು ಮರಾಠಿಯಲ್ಲಿ ಕೂಗಿದ. ಕೂಟದವರಿಗೆಲ್ಲ ಸುಶೀಲಾಬಾಯಿ ಕಾಕೂ, ಅಂದರೆ ಚಿಕ್ಕಮ್ಮ. ಹಾರಿಸುವವನ ಮೈಗೆ ಇನ್ನು ಯಾರೂ ಕೈ ಹಚ್ಚಬಾರದು. ಹೇಳುವುದನ್ನು ಬಾಯಿಂದ ಹೇಳಬೇಕು. ಒಟ್ಟೊಟ್ಟಿಗೆ ಎರಡು ಮೂರು ವಿಮಾನ ಮೇಲಿರುತ್ತವೆ, ಆದ್ದರಿಂದ ಮೊದಲು ಹೆಸರು, ಆಮೇಲೆ ಮಾತು. ಸಾಹೇಬ, ಸರ್, ಏನೂ ಬೇಡ, ಇಲ್ಲಿ ಎಲ್ಲರೂ ಸಾಹೇಬರೇ. ಬರೀ ಹೆಸರು.

“ಆತಾ ನಾವ್ ಘ್ಯಾ, ಕಾಕೂ. ಹೆಸರು ಹೇಳ್ರಿ, ನಾವೂ ಕೇಳೋಣು,” ಎಂದು ತನಗೆ ಬರುವಷ್ಟು ಕನ್ನಡ ಸೇರಿಸಿ ಕೇಳಿದ.

ಎಲ್ಲರೂ ನೋಡುತ್ತಿದ್ದರು. ಸುಶೀಲಾಬಾಯಿ ಬಾಯಿ ತೆರೆದಳು. ಗಾಳಿ ಹೊರಗೆ ಬಂತು, ಹೆಸರು ಬರಲಿಲ್ಲ.

ಆಗ ನೀರಜಾ, ಬಿಗುವು ಸಡಿಲಿಸಲೆಂದೋ ಏನೋ, ನಕ್ಕಳು. “ಕಾಕೂ, ಮದ್ವ್ಯಾಗ ಹೇಳ್ತಾರಲ್ಲ, ಹಂಗ ಹಾಡಿನಾಗ ಹೆಸರು ಸೇರಿಸಿ ಒಡಪು ಕಟ್ಟಿ ಹೇಳ್ರಿ! ಆದ್ರ ಒಂದ ಮಾತು, ಒಡಪು ಮುಗಿಯೋದ್ರೊಳಗ ವಿಮಾನ ನಿಫಾಡ್ ದಾಟಿ ದ್ರಾಕ್ಷಿ ತ್ವಾಟದಾಗ ಕುಂತಿರ್ತದ!”

ಎಲ್ಲರೂ ನಕ್ಕರು. ಮನ್ಮಥಪ್ಪನೂ ನಕ್ಕ. ಉಳಿದವರ ನಗು ಸುಶೀಲಾಬಾಯಿಯ ಕಿವಿಯಿಂದ ಹೊರಟುಹೋಯಿತು. ಅವನದೊಂದು ಒಳಗೇ ಉಳಿಯಿತು.

“ಇವತ್ತಿನ ಮಟ್ಟಿಗೆ ನಾ ನಿಲ್ತೀನಿ,” ಎಂದು ನೀರಜಾ ಎಡಗಡೆಗೆ ಹೋಗಿ ನಿಂತಳು. ಇವತ್ತಿನ ಮಟ್ಟಿಗೆ ಎಂದದ್ದು ಮುಂದಿನ ಭಾನುವಾರವೂ ನಡೆಯಿತು. ದೀಪಾವಳಿ ಕಳೆದರೂ ನಡೆದೇ ಇತ್ತು.

ನೀರಜಾ ತಲೆಗೆ ಟೊಪ್ಪಿಗೆ, ಕಣ್ಣಿಗೆ ಕರಿ ಕನ್ನಡಕ ಹಾಕಿಕೊಂಡು ಬರುವಳು. ದನಿ ಗಂಟೆಯಂಥದು. “ಮನ್ಮಥಪ್ಪ! ಎಡಕ್ಕ ಹದ್ದು!” “ಮನ್ಮಥಪ್ಪ! ಪಟ್ಟಿ ಖಾಲಿ ಅದ!” ಮಗಳ ವಯಸ್ಸಿನವಳು ತನ್ನ ಗಂಡನನ್ನು ಕುಂಟೆಬಿಲ್ಲೆ ಆಡುವ ಜೊತೆಗಾರನನ್ನು ಕರೆದಂತೆ ಕರೆಯುವುದನ್ನು ಸುಶೀಲಾಬಾಯಿ ಕೇಳಬೇಕಾಯಿತು. ನೀರಜಾ ಬಾಯಿ ಬಿಟ್ಟಾಗಲೆಲ್ಲ, ತಾನು ಇಷ್ಟು ವರ್ಷ ಗಂಟು ಕಟ್ಟಿ ಇಟ್ಟಿದ್ದ ಏನನ್ನೋ ಆಕೆ ಬಿಚ್ಚಿ ಬಯಲಿಗೆ ಎಸೆದಂತೆ. ಸುಶೀಲಾಬಾಯಿ ತಪ್ಪು ಹುಡುಕಿದಳು. ಉಗುರಿಗೆ ಬಣ್ಣ ಹಚ್ಚುತ್ತಾಳೆ, ಅದು ತಪ್ಪೇನಲ್ಲ. ಹಾರಿಸುವವನಿಗಿಂತ ಮುಂದೆ ನಿಂತಾಳೇ ಎಂದು ನೋಡಿದಳು, ನಿಲ್ಲಲಿಲ್ಲ. ಹದ್ದಿಗೆ ಕಾಗೆ ಎಂದಾಳೇ ಎಂದು ಕಾದಳು, ಅನ್ನಲಿಲ್ಲ. ಕೆಲಸ ಚೆನ್ನಾಗಿ ಮಾಡುತ್ತಿದ್ದಳು. ಅದೇ ಎಲ್ಲಕ್ಕಿಂತ ದೊಡ್ಡ ಉರಿ.

ಮೇಲಾಗಿ ಒಂದು ದಿನ ನೀರಜಾ ಮಡಚುವ ಕುರ್ಚಿಯೊಂದನ್ನು ತಂದು, ನೋಡುವವರಿಗೆಂದು ಕಟ್ಟಿದ ಹಗ್ಗದ ಹಿಂದೆ ಹಾಕಿದಳು. “ಕಾಕೂ, ಎಷ್ಟೊತ್ತು ನಿಲ್ತೀರಿ? ಆರಾಮ ಕೂಡ್ರಿ. ನಿಮ್ಮ ಸಲುವಾಗೇ ತಂದೀನಿ.”

“ಬಾಳ ಛಲೋ ಆಯ್ತವ್ವ,” ಎಂದು ಸುಶೀಲಾಬಾಯಿ ಕೂತಳು. ಹಗ್ಗದ ಹಿಂದೆ, ಟೀ ಥರ್ಮಾಸು ಮತ್ತು ಚಟ್ನಿಪುಡಿಯ ಡಬ್ಬಿಯ ಪಕ್ಕದಲ್ಲಿ. ಆ ಕುರ್ಚಿಯನ್ನು ಅವಳು ಎಷ್ಟು ದ್ವೇಷಿಸಿದಳೆಂದರೆ, ಎದ್ದಾಗಲೆಲ್ಲ ಅದನ್ನು ಕಾಲಿನಿಂದ ಹಿಂದಕ್ಕೆ ನೂಕಿ ಏಳುತ್ತಿದ್ದಳು.

ಒಂದು ಮಧ್ಯಾಹ್ನ ಮನ್ಮಥಪ್ಪ ಊಟಕ್ಕೆ ಕೂತು, “ಆ ಹುಡುಗಿ ಕಣ್ಣು ಬಾಳ ಛಲೋ ಅವ,” ಎಂದ.

ಸುಶೀಲಾಬಾಯಿ ಹುಗ್ಗಿ ಬಡಿಸಿ ಒಳಗೆ ಹೋದಳು.

“ತುಪ್ಪ?” ಎಂದು ಕೂಗಿದ.

“ಕಣ್ಣು ಛಲೋ ಇದ್ದವ್ರಿಗೆ ಕೇಳ್ರಿ, ಎಲ್ಲಿ ಅದ ಅಂತ ಹುಡುಕಿ ಕೊಡ್ತಾರ.”

ಅವನು ಬಜಾರಕ್ಕೆ ಹೋದಾಗ ಅವಳು ಅಡುಗೆಮನೆಯ ಬಾಗಿಲು ಹಾಕಿ, ಮಿಕ್ಸರ್ ಹಚ್ಚಿ, ಆ ಸದ್ದಿನೊಳಗೆ ಹೆಸರು ಹೇಳಲು ನೋಡುತ್ತಿದ್ದಳು. “ಮ...” ತುಟಿ ಕೂಡುತ್ತಿದ್ದವು, ಬಿಡುತ್ತಿರಲಿಲ್ಲ. ಒಮ್ಮೆ ಹಾಗೆ ನಿಂತಾಗಲೇ ಅವನು ಬಾಗಿಲು ದೂಡಿ ಹಿಂದೆ ಬಂದು ನಿಂತಿದ್ದ.

“ಏನಂದಿ?”

“ಮ... ಮಸಾಲಿ ತೀರ್‍ಯದ ಅಂದೆ.”

“ಬರೀ ಮಿಕ್ಸರ್ ತಿರಗ್ಲತ್ತದಲ್ಲ?”

“ತೀರ್‍ಯದಂತ ಹೇಳ್ಲಿಲ್ಲೇನು!”

ಸಂಕ್ರಾಂತಿ ಹತ್ತಿರ ಬಂದಾಗ ಛತ್ರಪತಿ ಸಂಭಾಜಿನಗರದ ಕೂಟದಿಂದ ಕರೆ ಬಂತು. ಖುಲ್ತಾಬಾದ್ ರಸ್ತೆಯ ಕಡೆ ಒಂದು ಬಯಲು, ಅಪ್ಪಣೆ ಎಲ್ಲ ಆಗಿದೆ, ಎರಡೂ ಊರಿನವರು ಕೂಡಿ ಹಾರಿಸೋಣ ಎಂದು. ರಘೋತ್ತಮನ ಜೀಪಿನಲ್ಲಿ ಗಂಡಹೆಂಡಿರು ನಾಲ್ವರೂ ಹೊರಟರು, ಕೂಟದ ಉಳಿದವರು ಬೇರೆ ಗಾಡಿಗಳಲ್ಲಿ. ಸುಶೀಲಾಬಾಯಿಯ ತೊಡೆಯ ಮೇಲೆ ಹಳದಿ ರೆಕ್ಕೆ. ಯೇವಲೆ ಊರು ದಾಟುವಾಗ ಮನೆಮನೆಯ ಮಾಳಿಗೆಯ ಮೇಲೆ ಗಾಳಿಪಟ. ಮುಂದಿನ ಸೀಟಿನಿಂದ ನೀರಜಾ ತಿರುಗಿ, “ಕಾಕೂ, ಇಸ್ತ್ರಿ ಏನ್ ಮಾಡೀರಿ! ಕನ್ನಡಿ ಹಂಗ ಅದ. ನನಗೂ ಕಲಿಸ್ರಿ,” ಎಂದಳು.

ಇದೊಂದು ಉಳಿದಿತ್ತು ಎಂದುಕೊಂಡಳು ಸುಶೀಲಾಬಾಯಿ. “ಕೈ ಸುಡ್ತದವ್ವ. ಉಗುರಿನ ಬಣ್ಣ ಹೋಗ್ತದ,” ಎಂದಳು.

ಬಯಲಿನಲ್ಲಿ ಸುಣ್ಣದಿಂದ ಗೆರೆ ಎಳೆದಿದ್ದರು. ಜನರಿಗೆ ಹಗ್ಗದ ಹಿಂದೆ ಜಾಗ. ಆಚೆ ಬದಿಗೆ ಆಳೆತ್ತರದ ಬಿಳಿಜೋಳದ ಹೊಲ. ಹಾರಾಟ ಮುಗಿಯುವವರೆಗೆ ಈಚೆ ಯಾರೂ ಬರದಂತೆ ಹೊಲದ ಒಡೆಯನಿಗೆ ಹೇಳಿದ್ದಾರೆ ಎಂದು ತುಕಾರಾಮ ತಿಳಿಸಿದ. ಆಮೇಲೆ ಮನ್ಮಥಪ್ಪನ ವಿಮಾನವನ್ನು ಎತ್ತಿಕೊಂಡು ದೂರ ನಡೆದುಹೋಗಿ, ಅಲ್ಲಿಯೂ ಬಾಲ ರಿಮೋಟಿನ ಮಾತು ಕೇಳುತ್ತದೆಯೇ ಎಂದು ನೋಡಿ ಬಂದ. ಪೂರ್ವಕ್ಕೆ ಒಂದು ವಸತಿಯ ಕಡೆಯಿಂದ ಗಾಳಿಪಟಗಳು ಏಳುತ್ತಿದ್ದವು. ಆ ದಾರ ಸಿಕ್ಕರೆ ರೆಕ್ಕೆ ಕೊಯ್ದುಹೋಗುತ್ತದೆ. “ಪತಂಗದ ಮ್ಯಾಲೆ ಕಣ್ಣಿಡು,” ಎಂದು ತುಕಾರಾಮ ನೀರಜಾಳನ್ನು ಎಚ್ಚರಿಸಿದ.

ವಿಮಾನ ಎದ್ದಿತು. ಚೆನ್ನಾಗಿ ಹಾರಿತು. ಬಿಸಿಲಲ್ಲಿ ಹಳದಿ ರೆಕ್ಕೆ ಹೊಳೆದಾಗ ಹಗ್ಗದ ಹಿಂದಿನವರು ವಾಹ್ ಎಂದರು. ಸುಶೀಲಾಬಾಯಿ ಕುರ್ಚಿಯಲ್ಲಿ ಕೂತು ವಿಮಾನ ನೋಡಲಿಲ್ಲ. ಎಂದೂ ನೋಡಿದವಳಲ್ಲ. ಉಳಿದದ್ದೆಲ್ಲ ನೋಡುವುದು ಅವಳ ಕಣ್ಣಿಗೆ ಅಂಟಿದ ಚಾಳಿ.

“ಬ್ಯಾಟರಿ ಕಡಿಮಿ ಆಯ್ತು. ಇಳೀತೀನಿ,” ಎಂದ ಮನ್ಮಥಪ್ಪ.

“ಮನ್ಮಥಪ್ಪ! ಪಟ್ಟಿ ಖಾಲಿ! ಪೂರ್ವಕ್ಕ ಪತಂಗ ಅವ, ಜ್ವಾಳದ ಕಡಿಂದ ಬರ್ರಿ!” ಎಂದಳು ನೀರಜಾ. ಆ ಗಳಿಗೆಗೆ ಅದು ನಿಜವೇ. ಪಟ್ಟಿ ಖಾಲಿಯಿತ್ತು. ಹೇಳಿ ಅವಳು ಮತ್ತೆ ಗಾಳಿಪಟದ ಕಡೆ ತಿರುಗಿದಳು.

ಸುಶೀಲಾಬಾಯಿ ನೋಡಿದ್ದು ಜೋಳದ ಮೇಲೆ. ತೆನೆಗಳ ಮೇಲೆ ಹಸಿ ಮೇವಿನ ಹೊರೆಯೊಂದು ನೀರಿನ ಮೇಲೆ ದೋಣಿ ತೇಲಿದಂತೆ ತೇಲುತ್ತ ಪಟ್ಟಿಯ ಕಡೆ ಬರುತ್ತಿತ್ತು. ಕೆಳಗೆ ಹೊತ್ತವಳು ಕಾಣುತ್ತಿರಲಿಲ್ಲ. ವಿಮಾನ ಹೊಲದಾಚೆಯಿಂದ ತಿರುಗಿ, ಮೂಗು ತಗ್ಗಿಸಿ, ಅದೇ ಕಡೆಗೆ ಇಳಿಯತೊಡಗಿತ್ತು.

ಕೂಗಬೇಕು. ಗಂಟಲು ಸಿದ್ಧವಿತ್ತು. ಆದರೆ ಅದೇ ಗಂಟಲಲ್ಲಿ ಇನ್ನೊಂದು ಮಾತು ಅಡ್ಡ ಕೂತಿತ್ತು. ನೋಡಲಿ. ಅವಳೇ ನೋಡಲಿ, ಛಲೋ ಕಣ್ಣಿನವಳು. ನೋಡದಿದ್ದರೆ ಆಮೇಲೆ ಎಲ್ಲರೂ ನೋಡಲಿ, ಎಡಗಡೆಗೆ ಯಾರು ನಿಂತಿರಬೇಕಿತ್ತು ಎಂದು.

ಒಂದು ಉಸಿರಿನ ಹೊತ್ತು ಸುಶೀಲಾಬಾಯಿ ಆ ಮಾತಿನ ಜೊತೆ ಸುಮ್ಮನೆ ಕೂತಳು.

ಹೊರೆ ಜೋಳದಿಂದ ಹೊರಗೆ ಬಂತು. ಕೆಳಗೆ ಹಸಿರು ಸೀರೆ, ಧೂಳು ಮೆತ್ತಿದ ಎರಡು ಪಾದ. ಚಿಕ್ಕಂದಿನಲ್ಲಿ ಸುಶೀಲಾಬಾಯಿಯೂ ಹೊತ್ತವಳೇ. ಹೊರೆಯ ಕೆಳಗಿದ್ದವಳಿಗೆ ತನ್ನ ಕಾಲಿನ ಹೆಬ್ಬೆರಳಷ್ಟೇ ಕಾಣುತ್ತದೆ. ಕಿವಿಯಲ್ಲಿ ಹುಲ್ಲಿನ ಸರಸರ ಬಿಟ್ಟರೆ ಬೇರೆ ಏನೂ ಕೇಳುವುದಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು.

“ಮನ್ಮಥಪ್ಪಾ! ಮ್ಯಾಲೆ! ಮ್ಯಾಲೆ ಎತ್ತೋ!”

ಮನ್ಮಥಪ್ಪ ತಿರುಗಿ ನೋಡಲಿಲ್ಲ. ಹೆಬ್ಬೆರಳು ಮಾತ್ರ ಸರಿಯಿತು. ಮೋಟಾರು ಕಿರುಚಿ ವಿಮಾನ ಮೂಗೆತ್ತಿತು. ಹೊರೆಯ ಮೇಲೆ ಹಾಯ್ದು ಹೋದ ಗಾಳಿಗೆ ನಾಲ್ಕು ಗರಿಕೆ ಹಾರಿದವು. ಆದರೆ ಬ್ಯಾಟರಿಯಲ್ಲಿ ಇನ್ನೊಂದು ಸುತ್ತಿಗೆ ಶಕ್ತಿ ಉಳಿದಿರಲಿಲ್ಲ. ತಿರುವಿನಲ್ಲಿ ಮೋಟಾರು ನಿಂತಿತು. ವಿಮಾನ ಹೊಲದ ಆಚೆ ತುದಿಗೆ ಜಾರಿ ಬಿತ್ತು. ಕಟ್ಟಿಗೆ ಮುರಿದ ಸದ್ದು ಇಲ್ಲಿಯವರೆಗೂ ಕೇಳಿಸಿತು.

ಹೊರೆ ಹೊತ್ತ ಹೆಂಗಸು ಪಟ್ಟಿ ದಾಟಿ, ಬೇವಿನ ಮರ ದಾಟಿ, ತನ್ನ ದಾರಿ ಹಿಡಿದು ಹೊರಟುಹೋದಳು. ಏನಾಯಿತೆಂದು ಅವಳಿಗೆ ಇಂದಿಗೂ ಗೊತ್ತಿರಲಿಕ್ಕಿಲ್ಲ.

ಮೊದಲು ಚಪ್ಪಾಳೆ ತಟ್ಟಿದವನು ತುಕಾರಾಮ. “ಕಾಕೂನೇ ನಾವ್ ಘೇತಲಂ!” ಕಾಕೂ ಹೆಸರು ಹೇಳಿದಳು ಎಂದು ಊರಿಗೆಲ್ಲ ಸಾರಿದ. ಸುಶೀಲಾಬಾಯಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಮನ್ಮಥಪ್ಪ ರಿಮೋಟು ಕೈಯಲ್ಲಿ ಹಿಡಿದು ಅವಳ ಮುಂದೆ ಬಂದು ನಿಂತ.

“‘ಎತ್ತೋ’ ಅಂದಿ?”

“ಅಂದೆ.”

“‘ಓ’ ಅಂದಿ ನನಗ.”

“ಈಗೇನು ಅದರದ್ದು? ಹೋಗ್ರಿ, ವಿಮಾನ ಹುಡುಕಿ ತರ್ರಿ.”

ಅವನು ಹೊಲಕ್ಕೆ ಹೋದ. ಜೀಪಿನ ನೆರಳಲ್ಲಿ ನೀರಜಾ ಕೂತಿದ್ದಳು, ಟೊಪ್ಪಿಗೆ ತೊಡೆಯ ಮೇಲೆ. ಸುಶೀಲಾಬಾಯಿ ಥರ್ಮಾಸಿನಿಂದ ಟೀ ಬಗ್ಗಿಸಿ ಕೊಟ್ಟಳು.

“ನಾ ಇನ್ನ ನಿಲ್ಲಂಗಿಲ್ಲ ಕಾಕೂ,” ಎಂದಳು ನೀರಜಾ. “ನನ್ನ ಕೈಲೆ ಆಗಂಗಿಲ್ಲ. ನಾ ಪಟ್ಟಿ ಖಾಲಿ ಅಂತ ಹೇಳಿದ್ದೆ. ನಾನ ಹೇಳಿದ್ದೆ.”

ಇಷ್ಟು ಸಾಕಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಎಡಗಡೆಯ ಜಾಗ ತಾನಾಗಿ ಮರಳಿ ಬರುತ್ತಿತ್ತು. ಸುಶೀಲಾಬಾಯಿ ಥರ್ಮಾಸಿನ ಮುಚ್ಚಳ ತಿರುಗಿಸಿದಳು. ಅದು ಕೂರಲಿಲ್ಲ. ಮತ್ತೆ ಬಿಚ್ಚಿ ತಿರುಗಿಸಿದಳು.

“ನೀ ಅಂದಾಗ ಖಾಲಿನೇ ಇತ್ತು,” ಎಂದಳು. “ನಾ ನೋಡಿದ್ದೆ. ಹೊರಿ ಜ್ವಾಳದಾಗ ಇದ್ದಾಗನ ನೋಡಿದ್ದೆ.”

“ಮತ್ತ ಹೇಳ್ಲಿಲ್ಲ?”

“ಹೇಳ್ಲಿಲ್ಲ.”

“ಹೆಸರು ಬರ್ಲಿಲ್ಲೇನ್ರಿ?”

ಎಂಥ ಒಳ್ಳೆಯ ನೆಪವನ್ನು ಹುಡುಗಿ ತಾನೇ ಕೈಗೆ ಕೊಟ್ಟಳು! ಸುಶೀಲಾಬಾಯಿ ಅದನ್ನು ಸ್ವಲ್ಪ ಹೊತ್ತು ನೋಡಿದಳು. “ಅಲ್ಲ. ನೀ ಅಲ್ಲಿ ನಿಂತಿದ್ದ್ಯಲ್ಲ, ಅದಕ್ಕ.”

ನೀರಜಾ ಟೀ ಲೋಟವನ್ನು ಕೆಳಗಿಟ್ಟಳು. ಮುಖ ಕೆಂಪಾಯಿತು. “ಆ ಹೆಣ್ಮಗಳಿಗೆ ಏನರ ಆಗಿದ್ರ, ಕಾಕೂ? ನನ್ನ ಮ್ಯಾಲಿನ ಸಿಟ್ಟಿಗೆ?”

ಸುಶೀಲಾಬಾಯಿ ಥರ್ಮಾಸು ಕೆಳಗಿಟ್ಟಳು. ಹಸಿರು ಸೀರೆಯ ಅಂಚು ಕಣ್ಣ ಮುಂದೆ ಬಂದು ನಿಂತಿತ್ತು. ನೀರಜಾ ಎದ್ದು ಸೀರೆಯ ಧೂಳು ಕೊಡವಿಕೊಂಡಳು.

“ಮುಂದ ನಮ್ಮವ್ರ ಪಾಳಿ ಅದ. ನೀವ ನಿಲ್ರಿ.”

“ನಾ? ನಿಮ್ಮವ್ರಿಗೆ?”

“ಹ್ಞೂಂ. ನನ್ನ ಜಾಗದಾಗ ನಿಲ್ರಿ. ನಾ ಆ ಕುರ್ಚಿ ಮ್ಯಾಲೆ ಕುಂತು ನೋಡ್ತೀನಿ, ಹೆಂಗ ಆಗ್ತದಂತ.”

ಹೀಗೆ ಸುಶೀಲಾಬಾಯಿ ಪರರ ಗಂಡನ ಎಡಗಡೆಗೆ ಹೋಗಿ ನಿಂತಳು. ರಘೋತ್ತಮನ ವಿಮಾನ ನೀಲಿ, ಅಂಗಡಿಯಿಂದ ತಂದದ್ದು. ಅವಳು ಅದನ್ನು ನೋಡಲಿಲ್ಲ. ಜೋಳದ ತೆನೆ ಅಲುಗಿದರೆ ಹೇಳಿದಳು. ಗಾಳಿಪಟದ ದಾರ ಬಿಸಿಲಿಗೆ ಮಿಂಚಿದರೆ ಹೇಳಿದಳು. ಬೇವಿನ ಮರದ ಕೆಳಗೆ ಆಡು ಎದ್ದು ನಿಂತರೂ ಹೇಳಿದಳು. “ರಘೋತ್ತಮ! ಬಲಕ್ಕ ಆಡು!” “ರಘೋತ್ತಮ! ಪೂರ್ವಕ್ಕ ದಾರ!” “ರಘೋತ್ತಮ! ಪಟ್ಟಿ ಖಾಲಿ... ತಡಿ, ತಡಿ, ಮತ್ತೊಮ್ಮೆ ನೋಡ್ತೀನಿ... ಖಾಲಿ!” ಹೆಸರು ಕಡಲೆ ಹುರಿದಂತೆ ಪಟಪಟ ಸಿಡಿಯಿತು. ಒಂದು ಸಲವೂ ತುಟಿ ಅಂಟಲಿಲ್ಲ.

ವಿಮಾನ ನೆಟ್ಟಗೆ ಇಳಿದ ಮೇಲೆ ತಿರುಗಿ ನೋಡಿದಳು. ಹಗ್ಗದ ಹಿಂದಿನ ಕುರ್ಚಿಯಲ್ಲಿ ನೀರಜಾ ಇರಲಿಲ್ಲ. ಮನ್ಮಥಪ್ಪ ಕೂತಿದ್ದ. ಮುರಿದ ಹಳದಿ ರೆಕ್ಕೆ ತೊಡೆಯ ಮೇಲಿತ್ತು. ಚಟ್ನಿಪುಡಿಯ ಡಬ್ಬಿ ಪಕ್ಕದಲ್ಲಿತ್ತು. ಅವನ ಮುಖ ನೋಡಿ ಸುಶೀಲಾಬಾಯಿಗೆ ಥಟ್ಟನೆ ಗುರುತು ಹತ್ತಿತು. ಇಷ್ಟು ತಿಂಗಳು ಕನ್ನಡಿಯಲ್ಲಿ ಕಂಡ ಮುಖವೇ ಅದು.

ವಾಪಸು ಬರುವಾಗ ಜೀಪು ಯೇವಲೆ ದಾಟಿತು. ಮನ್ಮಥಪ್ಪ ಕಿಟಕಿಯ ಕಡೆ ಮುಖ ಮಾಡಿ, “ಅವ್ರ ಹೆಸರು ಬಾಳ ಛಂದ ಅಂತಿ,” ಎಂದ.

“ಸಸಾರ ಅದ ಹೆಸರು.”

“ನಂದೇನು ಕಠಿಣ ಅದೇನು? ಇಷ್ಟು ವರ್ಷ ನನಗ ಬರೀ ‘ರೀ’. ಅವ್ರಿಗೆ ಪೂರಾ ಹೆಸರು, ಮತ್ತ ಎಷ್ಟ್ ಸಲ!”

ಮುಂದೆ ಕೂತ ನೀರಜಾಳ ಭುಜ ಅಲುಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಎಂದು ಸುಶೀಲಾಬಾಯಿ ಬಗ್ಗಿ ನೋಡಿದಳು. ನಗುತ್ತಿದ್ದಳು. ಆದರೆ ಹಿಂದೆ ತಿರುಗಲಿಲ್ಲ. ಆ ದಿನ ಅವಳು ಕಾಕೂನ ಕಡೆ ತಿರುಗಿ ಮಾತಾಡಲೇ ಇಲ್ಲ. ಅದು ಸರಿಯೇ ಎಂದು ಸುಶೀಲಾಬಾಯಿಗೂ ಅನಿಸಿತು.

ಹಬ್ಬದ ದಿನ ಸುಶೀಲಾಬಾಯಿ ತಾನೇ ಎಳ್ಳುಬೆಲ್ಲ ತೆಗೆದುಕೊಂಡು ನೀರಜಾಳ ಮನೆಗೆ ಹೋಗಿ, ಇಸ್ತ್ರಿ ಕಲಿಯುವುದಾದರೆ ಬಾ ಎಂದು ಕರೆದಳು. ನೀರಜಾ ಮೊದಲು ಉಗುರಿನ ಮಾತು ಎತ್ತಿ ಚುಚ್ಚಿದಳು. ಆಮೇಲೆ ಬಂದಳು. ಮನ್ಮಥಪ್ಪ ಎಲುಬು ಜೋಡಿಸಿ ಕೊಟ್ಟ ರೆಕ್ಕೆಗೆ ಹೊಸ ಹಳದಿ ಹಾಳೆ ಹೊದಿಸುತ್ತ ಇಬ್ಬರೂ ಮೇಜಿಗೆ ನಿಂತರು. ಒಂದು ಕಡೆ ಸುಕ್ಕು ಬಿತ್ತು. ಅದು ನೀರಜಾ ಇಸ್ತ್ರಿ ಆಡಿಸಿದ ಕಡೆ. ಸುಶೀಲಾಬಾಯಿಗೆ ಒಳಗೆ ಸ್ವಲ್ಪ ಹಿತವಾಯಿತು. ಆದರೂ, “ಬಿಸಿ ಕಡಿಮಿ ಮಾಡವ್ವ,” ಎಂದು ಹೇಳಿಕೊಟ್ಟಳು.

ನೀರಜಾ ಹೋದ ಮೇಲೆ ಮನ್ಮಥಪ್ಪ ಬಾಗಿಲ ಹತ್ತಿರ ಸುಳಿದಾಡಿದ. ಮೊಳೆ ಹುಡುಕುವ ನೆಪ ಮಾಡಿದ. ಮೊಳೆ ಅವನ ಕೈಯಲ್ಲೇ ಇತ್ತು.

“ಮನ್ಯಾಗ ಯಾರೂ ಇಲ್ಲ,” ಎಂದ. “ಒಂದ್ಸಲ ಅನ್ನು, ನೋಡೋಣು.”

“ಏನ?”

“ಅದನ. ಅವತ್ತು ಅಂದ್ಯಲ್ಲ. ‘ಓ’ ಬ್ಯಾಡ. ಬರೀ ಹೆಸರು.”

ಸುಶೀಲಾಬಾಯಿ ಇಸ್ತ್ರಿಯನ್ನು ಎತ್ತಿಟ್ಟು, ರೆಕ್ಕೆಯನ್ನು ಬೆಳಕಿಗೆ ಹಿಡಿದು, ಸುಕ್ಕು ಹೋಯಿತೇ ಎಂದು ನೋಡಿದಳು.

“ನೆಲದ ಮ್ಯಾಲೆ ಇದ್ದಾಗ ಯಾಕ ಬೇಕ್ರಿ ಅದು?” ಎಂದಳು. “ರವಿವಾರ ವಿಮಾನ ಹಾರಿಸ್ರಿ. ಎಡಕ್ಕ ನಿಂತು ಅಂತೀನಿ.”